ಉಬ್ಬರದ ಕರೆಂಟ್ ತೆಗೆದರೆ ಮೀನು ಏನು ಮಾಡುತ್ತದೆ? ಡ್ಯಾಮ್ ಪಕ್ಕದವರು, ಮೀನು ಹಿಡಿಯುವವರು ಹೇಳಿ

ಮುನಿರಾಬಾದ್ ಹುಡುಗ

ಎಲ್ಲರಿಗೂ ನಮಸ್ಕಾರ. ಕೊಪ್ಪಳದಲ್ಲಿ ಬಿಎಸ್ಸಿ ಓದುತ್ತಿದ್ದೇನೆ. ಸಮುದ್ರದ ಉಬ್ಬರ ಇಳಿತದಿಂದ ಕರೆಂಟ್ ತೆಗೆಯುವುದರ ಬಗ್ಗೆ ಕಾಲೇಜಿನಲ್ಲಿ ಮಾತಾಡಬೇಕಿದೆ. ಎಲ್ಲಿ ಓದಿದರೂ ಒಂದೇ ಮಾತು: ಹೊಗೆ ಇಲ್ಲ, ಬೂದಿ ಇಲ್ಲ, ಯಾವ ಹೊತ್ತಿಗೆ ನೀರು ಏರುತ್ತದೆ ಅಂತ ವರ್ಷಗಳ ಮೊದಲೇ ಲೆಕ್ಕ ಹಾಕಬಹುದು. ಅದೆಲ್ಲ ಒಪ್ಪುತ್ತೇನೆ. ಆದರೆ ಮೀನಿನ ವಿಷಯ ಬಂದರೆ "ಪರಿಣಾಮ ಕಡಿಮೆ" ಅಂತ ಒಂದು ಸಾಲು ಬರೆದು ಮುಂದೆ ಹೋಗಿಬಿಡುತ್ತಾರೆ. ನಮ್ಮೂರಲ್ಲೇ ತುಂಗಭದ್ರಾ ಡ್ಯಾಮಿನ 28 ಮೆಗಾವ್ಯಾಟ್ ಪವರ್‌ಹೌಸ್ ಇದೆ. ಅದರ ಸದ್ದು ಕೇಳುತ್ತಾ ಬೆಳೆದವನಿಗೆ ಅಷ್ಟು ಸುಲಭವಾಗಿ ನಂಬಿಕೆ ಬರುವುದಿಲ್ಲ.

ನನಗೆ ಬೇಕಿರುವುದು ಇಷ್ಟೇ. ನೀರಲ್ಲಿ ಟರ್ಬೈನ್ ಚಕ್ರದ ರೆಕ್ಕೆ ತಿರುಗುವಾಗ ಮೀನು ಸಿಕ್ಕಿ ಸಾಯುತ್ತದಾ, ನೋಡಿ ತಪ್ಪಿಸಿಕೊಳ್ಳುತ್ತದಾ, ಇಲ್ಲ ಆ ದಾರಿಯನ್ನೇ ಬಿಟ್ಟುಬಿಡುತ್ತದಾ? ಸಮುದ್ರ ನಮಗೆ ದೂರ ನಿಜ. ಆದರೆ ಟರ್ಬೈನ್ ಕಂಡವರು, ಮೀನು ಕಂಡವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ ಅಲ್ವಾ? ಗೊತ್ತಿದ್ದವರು ದಯವಿಟ್ಟು ಬರೆಯಿರಿ.

ರಾತ್ರಿ ಪಾಳಿ, ಬಳ್ಳಾರಿ

ತಮ್ಮಾ, ಒಳ್ಳೆ ಪ್ರಶ್ನೆ. ನಾನು ಜಲವಿದ್ಯುತ್ ಘಟಕದಲ್ಲಿ ಕೆಲಸ ಮಾಡಿ ರಿಟೈರ್ ಆದವನು. ಸಮುದ್ರದ್ದು ಗೊತ್ತಿಲ್ಲ, ಡ್ಯಾಮಿನದ್ದು ಹೇಳುತ್ತೇನೆ.

ನೀರು ಒಳಗೆ ಬರುವ ಬಾಯಿಯಲ್ಲಿ ಕಬ್ಬಿಣದ ಸರಳಿನ ಜಾಲರಿ ಇರುತ್ತದೆ. ಟ್ರ್ಯಾಶ್ ರ್ಯಾಕ್ ಅಂತೀವಿ. ಕಟ್ಟಿಗೆ, ಅಂತರಗಂಗೆ, ಸತ್ತ ದನ ಎಲ್ಲ ಅಲ್ಲಿ ನಿಲ್ಲುತ್ತದೆ. ಸಣ್ಣ ಮೀನು ಸರಳಿನ ಸಂದಿಯಲ್ಲಿ ಆರಾಮಾಗಿ ಒಳಗೆ ಹೋಗುತ್ತದೆ. ಹೋದದ್ದರಲ್ಲಿ ಬಹಳಷ್ಟು ಬದುಕಿಯೇ ಹೊರಗೆ ಬರುತ್ತವೆ, ಅದನ್ನೂ ಹೇಳಬೇಕು. ಬದುಕದೇ ಇರುವುದನ್ನು ಟೇಲ್ ರೇಸಿನಲ್ಲಿ, ಅಂದರೆ ನೀರು ಹೊರಗೆ ಬೀಳುವ ಕಾಲುವೆಯಲ್ಲಿ ನೋಡಬಹುದು. ಟರ್ಬೈನ್ ಯುನಿಟ್ ಶುರುವಾದ ಸ್ವಲ್ಪ ಹೊತ್ತಿಗೆ ನೀರುಕಾಗೆ, ಕೊಕ್ಕರೆ ಬಂದು ಸಾಲಾಗಿ ಕೂತುಬಿಡುತ್ತವೆ.

ಜನ ಅಂದುಕೊಳ್ಳುವುದು ರೆಕ್ಕೆ ಕಡಿದು ಮೀನು ತುಂಡಾಗುತ್ತದೆ ಅಂತ. ನಾನು ಕೈಯಲ್ಲಿ ಹಿಡಿದು ನೋಡಿದ ಸತ್ತ ಮೀನುಗಳಲ್ಲಿ ಹೆಚ್ಚಿನವಕ್ಕೆ ಒಂದು ಗಾಯವೂ ಇರುತ್ತಿರಲಿಲ್ಲ. ಕಣ್ಣು ಹೊರಗೆ ಬಂದಿರುತ್ತಿತ್ತು. ಹೊಟ್ಟೆ ಉಬ್ಬಿ ಗಟ್ಟಿಯಾಗಿರುತ್ತಿತ್ತು. ಕೆಲವಕ್ಕೆ ಕರುಳು ಬಾಯಿಗೆ ಬಂದಿರುತ್ತಿತ್ತು. ಒಳಗೆ ನೀರಿನ ಒತ್ತಡ ಜಾಸ್ತಿ, ರನ್ನರ್, ಅಂದರೆ ಟರ್ಬೈನಿನ ತಿರುಗುವ ಚಕ್ರ, ದಾಟಿದ ಕ್ಷಣದಲ್ಲೇ ಒತ್ತಡ ಕುಸಿಯುತ್ತದೆ. ಮೀನಿನ ಹೊಟ್ಟೆಯಲ್ಲಿ ಗಾಳಿಚೀಲ ಇರುತ್ತದಲ್ಲ, ಅದು ಒಮ್ಮೆಲೇ ಹಿಗ್ಗುತ್ತದೆ. ಅಷ್ಟೇ, ಕಥೆ ಮುಗಿಯಿತು.

ಕೃಷ್ಣಾ ತೀರ

ಪಾಳಿ ಸರ್ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ರಾಯಚೂರಿನವಳು, ಮಂಗಳೂರಲ್ಲಿ ಮೀನುಗಾರಿಕೆ ಓದಿದವಳು. ಗಾಳಿಚೀಲದ ವಿಷಯಕ್ಕೆ ಒಂದು ಮಾತು ಸೇರಿಸುತ್ತೇನೆ. ರೋಹು, ಕಟ್ಲಾ, ಮೃಗಾಲ್ ಜಾತಿಯಲ್ಲಿ ಗಾಳಿಚೀಲದಿಂದ ಗಂಟಲಿಗೆ ಒಂದು ಸಣ್ಣ ನಳಿಕೆ ಇರುತ್ತದೆ. ಒತ್ತಡ ಬದಲಾದರೆ ಗಾಳಿಯನ್ನು ಸ್ವಲ್ಪವಾದರೂ ಬಾಯಿಂದ ಬಿಡಬಲ್ಲವು. ಜಿಲೇಬಿ ಮೀನಿಗೆ, ಅಂದರೆ ತಿಲಾಪಿಯಾಕ್ಕೆ, ಆ ನಳಿಕೆ ಇಲ್ಲ. ಚೀಲ ಪೂರ್ತಿ ಮುಚ್ಚಿರುತ್ತದೆ. ಹಾಗಾಗಿ ಅದೇ ಟರ್ಬೈನು, ಅದೇ ನೀರು, ಆದರೂ ಒಂದು ಮೀನಿಗೆ ಆಗುವುದು ಇನ್ನೊಂದಕ್ಕೆ ಆಗುವುದಿಲ್ಲ. "ಮೀನಿಗೆ ಎಷ್ಟು ಹಾನಿ" ಅಂತ ಒಟ್ಟಿಗೆ ಕೇಳಿದರೆ ಉತ್ತರ ಸಿಗುವುದಿಲ್ಲ, ಯಾವ ಮೀನು ಅಂತ ಕೇಳಬೇಕು.

ಈಗ ಸಮುದ್ರಕ್ಕೆ ಬರೋಣ. ಉಬ್ಬರದ ಕರೆಂಟ್ ಅಂದಾಗ ಎರಡು ಬೇರೆ ಬೇರೆ ವಸ್ತುಗಳನ್ನು ಒಂದೇ ಹೆಸರಿನಲ್ಲಿ ಕರೆಯುತ್ತಾರೆ. ಗೊಂದಲ ಶುರುವಾಗುವುದೇ ಅಲ್ಲಿ.

ಮೊದಲನೆಯದು ಕಟ್ಟೆ. ಅಳಿವೆಗೆ ಅಡ್ಡ ಗೋಡೆ ಕಟ್ಟಿ, ಏರಿದ ನೀರನ್ನು ಹಿಡಿದು, ಟರ್ಬೈನ್ ಮೂಲಕ ಬಿಡುವುದು. ಇದು ಹೆಚ್ಚುಕಡಿಮೆ ನಮ್ಮ ಡ್ಯಾಮೇ. ಫ್ರಾನ್ಸಿನ ಲಾ ರಾನ್ಸ್‌ನಲ್ಲಿ 1966ರಿಂದ ನಡೆಯುತ್ತಿದೆ, 24 ಟರ್ಬೈನ್, 240 ಮೆಗಾವ್ಯಾಟ್. ಕಟ್ಟುವಾಗ ಸುಮಾರು ಮೂರು ವರ್ಷ ಅಳಿವೆಯನ್ನು ಸಮುದ್ರದಿಂದ ಬೇರೆ ಮಾಡಿಬಿಟ್ಟಿದ್ದರು. ಉಪ್ಪಿನ ಅಂಶ ಏರುಪೇರಾಗಿ ಒಳಗಿದ್ದ ಜೀವಿಗಳು ಬಹುಪಾಲು ಸತ್ತವು. ಮತ್ತೆ ಒಂದು ಹದಕ್ಕೆ ಬರಲು ಹತ್ತು ವರ್ಷ ಹಿಡಿಯಿತು. ಬಂದಾಗಲೂ ಮೊದಲಿನ ಮೀನೇ ಬರಲಿಲ್ಲ. ಮರಳಲ್ಲಿ ಹುದುಗಿ ಬದುಕುವ ಸ್ಯಾಂಡ್ ಈಲ್, ಪ್ಲೇಸ್ ಅನ್ನುವ ಚಪ್ಪಟೆ ಮೀನು ಕಡಿಮೆಯಾದವು. ಸೀ ಬಾಸ್ ಮೀನು, ಕಪ್ಪೆ ಬೊಂಡಾಸ್ (ಕಟಲ್ ಫಿಶ್) ಇಂಥವು ಮತ್ತೆ ನೆಲೆಯಾದವು.

ಎರಡನೆಯದು ಗೋಡೆ ಇಲ್ಲದ್ದು. ಸಮುದ್ರದ ತಳದಲ್ಲಿ ಕಂಬ ನಿಲ್ಲಿಸಿ ಅದಕ್ಕೆ ಗಾಳಿಯಂತ್ರದ ಹಾಗೆ ರೆಕ್ಕೆ ಕಟ್ಟುವುದು. ಸ್ಕಾಟ್ಲೆಂಡಿನ ಮೇಜೆನ್ ಅಂಥದ್ದು, ನಾಲ್ಕು ಟರ್ಬೈನ್ ಸೇರಿ 6 ಮೆಗಾವ್ಯಾಟ್. ಇಲ್ಲಿ ಒತ್ತಡದ ಏರಿಳಿತ ಡ್ಯಾಮಿಗೆ ಹೋಲಿಸಿದರೆ ಬಹಳ ಕಡಿಮೆ. ಸುತ್ತಲೂ ನೀರು ತೆರೆದೇ ಇರುತ್ತದೆ, ಮೀನಿಗೆ ಪಕ್ಕಕ್ಕೆ ಸರಿಯಲು ಜಾಗ ಇರುತ್ತದೆ. ಸರಿಯುತ್ತದಾ ಅನ್ನುವುದೇ ಪ್ರಶ್ನೆ.

ಬಳ್ಳಾರಿ ಬಿಸಿಲು

ಮೇಡಂ, ನೀವು ತಿಳಿದವರು, ಒಪ್ಪಿದೆ. ಆದರೆ ನನ್ನ ಮಾತೂ ಕೇಳಿ. ನಮ್ಮ ಕುಡತಿನಿಯಲ್ಲಿ 1700 ಮೆಗಾವ್ಯಾಟ್, ನಿಮ್ಮ ಶಕ್ತಿನಗರದಲ್ಲಿ 1720 ಮೆಗಾವ್ಯಾಟ್, ಎರಡೂ ಕಲ್ಲಿದ್ದಲು. ಬೂದಿ ಎಲ್ಲಿಗೆ ಹೋಗುತ್ತದೆ ಅಂತ ಆ ಊರುಗಳವರನ್ನು ಕೇಳಿ ನೋಡಿ. ಒಣಗಲು ಹಾಕಿದ ಬಟ್ಟೆ ಮೇಲೆ, ಮಕ್ಕಳ ಎದೆಯಲ್ಲಿ. ಹಿಂಗಿರುವಾಗ ಎಲ್ಲೋ ಸಮುದ್ರದಲ್ಲಿ ನಾಲ್ಕು ಚಕ್ರ ತಿರುಗಿದರೆ ಮೀನು ಹೆದರುತ್ತದೆ ಅಂತ ಕೂತರೆ ಯಾವ ಕರೆಂಟೂ ಆಗುವುದಿಲ್ಲ. ಎಲ್ಲದಕ್ಕೂ ಒಂದು ತಕರಾರು ಇದ್ದೇ ಇರುತ್ತದೆ. ಕೊನೆಗೆ ಉಳಿಯುವುದು ಕಲ್ಲಿದ್ದಲೇ.

ಕೃಷ್ಣಾ ತೀರ

ಅಣ್ಣಾ, ಬೂದಿ ನಾನೂ ಕುಡಿದು ಬೆಳೆದವಳೇ. ಕಲ್ಲಿದ್ದಲು ಘಟಕಕ್ಕೂ ನದಿಯಿಂದ ನೀರು ಎಳೆಯಬೇಕು, ಎಳೆಯುವ ಬಾಯಿಯಲ್ಲಿ ಮರಿಮೀನು ಸಿಕ್ಕಿ ಸಾಯುತ್ತವೆ. ಅದನ್ನು ಯಾರೂ ಎಣಿಸುವುದೇ ಇಲ್ಲ. ಆದ್ದರಿಂದ ನಾನು ಉಬ್ಬರದ ಕರೆಂಟ್ ಬೇಡ ಅನ್ನುತ್ತಿಲ್ಲ. ಎಲ್ಲಿ ಹಾಕಬೇಕು, ಹೇಗೆ ಹಾಕಬೇಕು ಅನ್ನುವುದನ್ನು ಮೀನು ತೀರ್ಮಾನಿಸಲಿ ಅನ್ನುತ್ತಿದ್ದೇನೆ.

ನಿಮ್ಮ ಮಾತಿಗೆ ಬಲ ಕೊಡುವ ಉದಾಹರಣೆಯೂ ಇದೆ. ದಕ್ಷಿಣ ಕೊರಿಯಾದಲ್ಲಿ ಸಿಹ್ವಾ ಅಂತ ಒಂದು ಕೆರೆ. 1994ರಲ್ಲಿ ಸಮುದ್ರಕ್ಕೆ ಗೋಡೆ ಕಟ್ಟಿ ಮಾಡಿದ್ದು. ಕಾರ್ಖಾನೆ ಕೊಳೆ ಬಂದು ನಿಂತು ನೀರು ಹೊಲಸಾಗಿ ಹೋಗಿತ್ತು. 2011ರಲ್ಲಿ ಅದೇ ಗೋಡೆಗೆ 254 ಮೆಗಾವ್ಯಾಟ್ ಉಬ್ಬರದ ಘಟಕ ಹಾಕಿದರು. ಸಮುದ್ರದ ನೀರು ಮತ್ತೆ ಒಳಗೆ ಹೊರಗೆ ಓಡಾಡಿ ನೀರು ಎಷ್ಟೋ ಸುಧಾರಿಸಿತು. ಗೋಡೆ ಮೊದಲೇ ಇದ್ದ ಕಡೆ ಟರ್ಬೈನ್ ಹಾಕಿದರೆ ಲಾಭ, ತೆರೆದ ಅಳಿವೆಗೆ ಹೊಸ ಗೋಡೆ ಕಟ್ಟಿದರೆ ನಷ್ಟ. ನನ್ನ ಲೆಕ್ಕ ಇದು.

ಹರಿಗೋಲು ಕಂಪ್ಲಿ

ನಮ್ಮದು ತಲೆತಲಾಂತರದಿಂದ ಹೊಳೆ ನಂಬಿದ ಮನೆ. ಅಪ್ಪ, ಅಜ್ಜ ಎಲ್ಲ ಹರಿಗೋಲಲ್ಲೇ ಬದುಕಿದವರು. ಮೇಡಂ ಅವರೇ, "ಮೀನು ಸರಿಯುತ್ತದಾ" ಅಂತ ಕೇಳಿದಿರಿ. ಸರಿಯುತ್ತದೆ. ಮೀನು ದಡ್ಡ ಅಲ್ಲ.

ಬಲೆ ಕಟ್ಟಿದರೆ ದೊಡ್ಡ ಮೀನು ಬಲೆ ಹತ್ತಿರ ಬಂದು ನಿಂತು ತಿರುಗಿ ಹೋಗುವುದನ್ನು ನಾವು ತಿಳಿ ನೀರಿನಲ್ಲಿ ಕಣ್ಣಾರೆ ನೋಡುತ್ತೇವೆ. ಮರಿ ಹಾಗಲ್ಲ, ನೀರು ಎಳೆದ ಕಡೆ ಹೋಗುತ್ತದೆ. ಹಗಲು ಕಟ್ಟಿದ ಬಲೆಗೆ ಬೀಳದ ಮೀನು ರಾತ್ರಿ ಬೀಳುತ್ತದೆ. ಹೊಸ ನೀರು, ಕೆಂಪು ನೀರು ಬಂದಾಗಲೂ ಬೀಳುತ್ತದೆ, ಕಣ್ಣು ಕಾಣದಲ್ಲ. ಇನ್ನೊಂದು, ನೀರಿನ ಸೆಳೆತ ಜೋರಿದ್ದಾಗ ಮೀನು ನಡು ಹೊಳೆಯಲ್ಲಿ ಇರುವುದಿಲ್ಲ. ಬಂಡೆ ಮರೆಯಲ್ಲಿ, ದಡದ ಮಡುವಿನಲ್ಲಿ ನಿಂತಿರುತ್ತದೆ. ಸೆಳೆತ ಇಳಿದ ಮೇಲೆ ಹೊರಡುತ್ತದೆ. ನಾವು ಬೀಸು ಬಲೆ ಹಾಕುವುದೂ ಅದೇ ಲೆಕ್ಕದಲ್ಲಿ.

ಸಮುದ್ರದಲ್ಲೂ ಹಿಂಗೇ ಇರುತ್ತದಾ ಅಂತ ಹೇಳಿ.

ಕೃಷ್ಣಾ ತೀರ

ಅಣ್ಣಾ, ನೀವು ಹೇಳಿದ ಒಂದೊಂದು ಮಾತೂ ಅವರು ಯಂತ್ರ ಇಟ್ಟು ನೋಡಿದಾಗ ಕಂಡದ್ದೇ. ಓದಿ ಮೈ ಜುಂ ಅಂದಿತು.

ಅಮೆರಿಕದ ಮೇಯ್ನ್ ರಾಜ್ಯದಲ್ಲಿ ಕಾಬ್ಸ್‌ಕುಕ್ ಕೊಲ್ಲಿ ಅಂತ ಇದೆ. ಅಲ್ಲಿ ಟರ್ಬೈನ್ ಪಕ್ಕ ಶಬ್ದದ ಅಲೆಯಿಂದ ಚಿತ್ರ ತೆಗೆಯುವ ಯಂತ್ರ ಇಟ್ಟು ಹಗಲು ರಾತ್ರಿ ಮೀನನ್ನು ನೋಡಿದರು. ದೊಡ್ಡ ಮೀನು ಹೆಚ್ಚಾಗಿ ತಪ್ಪಿಸಿಕೊಳ್ಳುತ್ತಿತ್ತು. ಚಿಕ್ಕದು ರೆಕ್ಕೆ ನಡುವೆ ನುಗ್ಗುವುದು ಜಾಸ್ತಿ. ಗುಂಪಿನಲ್ಲಿದ್ದ ಮೀನು ಒಂಟಿ ಮೀನಿಗಿಂತ ದೂರದಿಂದಲೇ ಎಚ್ಚೆತ್ತುಕೊಳ್ಳುತ್ತಿತ್ತು. ರಾತ್ರಿ ಹೊತ್ತು ತೀರಾ ಹತ್ತಿರ ಬಂದ ಮೇಲಷ್ಟೇ ತಿರುಗುತ್ತಿದ್ದವು. ಟರ್ಬೈನ್ ದಾಟಿ ಹಿಂದೆ ನೀರು ಮಂದವಾಗುವ ಜಾಗದಲ್ಲಿ ಮೀನು ಸುಮ್ನೆ ನಿಂತಿರುವುದೂ ಕಂಡಿತು, ನಿಮ್ಮ ಬಂಡೆ ಮರೆಯ ಹಾಗೆಯೇ. ಆಮೇಲೆ ಅಲ್ಲೇ ದೋಣಿಯಿಂದ ನೋಡಿದಾಗ ನೂರು ಮೀಟರಿಗೂ ಹೆಚ್ಚು ದೂರದಿಂದಲೇ ಕೆಲವು ಮೀನು ದಾರಿ ಬದಲಿಸುತ್ತಿದ್ದದ್ದು ಗೊತ್ತಾಯಿತು. ಅಷ್ಟು ದೂರದಿಂದ ಕಣ್ಣಿಗೆ ಕಾಣುವುದಿಲ್ಲ. ಸದ್ದು ಕೇಳಿಸುತ್ತದೆ. ಹತ್ತಿರ ಬಂದ ಮೇಲೆ ಮೈ ಪಕ್ಕದ ಗೆರೆ ಕೆಲಸ ಮಾಡುತ್ತದೆ. ಮೀನಿನ ಪಕ್ಕೆಯಲ್ಲಿ ತಲೆಯಿಂದ ಬಾಲದವರೆಗೆ ಒಂದು ಗೆರೆ ಕಾಣುತ್ತದಲ್ಲ, ನೀರು ಅಲುಗಿದರೆ ಅದಕ್ಕೆ ತಿಳಿಯುತ್ತದೆ.

ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪಗಳಲ್ಲಿ ಟರ್ಬೈನಿಗೆ ಕ್ಯಾಮೆರಾ ಕಟ್ಟಿದ್ದರು. ಸೆಳೆತ ಕಡಿಮೆ ಇದ್ದಾಗ ಪೊಲಾಕ್ ಅನ್ನುವ ಮೀನು ಹಿಂಡು ಹಿಂಡಾಗಿ ಅದರ ಸುತ್ತ ಬರುತ್ತಿದ್ದವು. ಸೆಳೆತ ಏರಿದಂತೆ ಹೊರಟು ಹೋಗುತ್ತಿದ್ದವು. ನೀರು ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಮೀಟರ್ ವೇಗ ಮುಟ್ಟುವವರೆಗೆ ಇಂಥ ಟರ್ಬೈನ್ ತಿರುಗುವುದೇ ಇಲ್ಲ. ಅಂದರೆ ಮೀನು ಬಂದಾಗ ರೆಕ್ಕೆ ನಿಂತಿದೆ, ರೆಕ್ಕೆ ತಿರುಗುವಾಗ ಆ ಮೀನು ಅಲ್ಲಿಲ್ಲ. ಎಲ್ಲ ಮೀನಿಗೂ ಇದೇ ಅಂತ ಹೇಳಲು ಬರುವುದಿಲ್ಲ, ಆದರೆ ಸಮಾಧಾನದ ವಿಷಯ.

ರಾತ್ರಿ ಪಾಳಿ, ಬಳ್ಳಾರಿ

ಮೇಡಂ, ರೆಕ್ಕೆ ಎಷ್ಟು ಜೋರಾಗಿ ತಿರುಗುತ್ತದೆ? ನಮ್ಮ ಮಷಿನ್‌ಗಳು ನಿಮಿಷಕ್ಕೆ ನೂರಾರು ಸುತ್ತು.

ಕೃಷ್ಣಾ ತೀರ

ಸರ್, ಬಹಳ ನಿಧಾನ. ಉತ್ತರ ಐರ್ಲೆಂಡಿನ ಸ್ಟ್ರಾಂಗ್‌ಫರ್ಡ್ ಕೊಲ್ಲಿಯಲ್ಲಿ 2008ರಲ್ಲಿ ಸೀಜೆನ್ ಅಂತ 1.2 ಮೆಗಾವ್ಯಾಟ್ ಯಂತ್ರ ಹಾಕಿದ್ದರು. 16 ಮೀಟರ್ ಅಗಲದ ಎರಡು ಚಕ್ರ, ನಿಮಿಷಕ್ಕೆ ಸುಮಾರು 14 ಸುತ್ತು. ದಡದಲ್ಲಿ ನಿಂತವರಿಗೆ ಸೋಮಾರಿ ಚಕ್ರ ಅನಿಸುತ್ತದೆ. ಆದರೆ ಲೆಕ್ಕ ಹಾಕಿದರೆ ರೆಕ್ಕೆಯ ತುದಿ ಸೆಕೆಂಡಿಗೆ 12 ಮೀಟರ್ ಹತ್ತಿರ ಹೋಗುತ್ತದೆ, ಅಂದರೆ ಗಂಟೆಗೆ 40 ಕಿಲೋಮೀಟರ್ ಮೇಲೆ. ನಡುವಿನಲ್ಲಿ ನುಗ್ಗಿದ ಮೀನಿಗೆ ಅಪಾಯ ಕಡಿಮೆ, ತುದಿಗೆ ಸಿಕ್ಕಿದ್ದಕ್ಕೆ ಜಾಸ್ತಿ. ಉದ್ದ ಇರುವ ಮೀನಿಗೆ ಇನ್ನೂ ಜಾಸ್ತಿ. ಹಾವು ಮೀನಿನಂಥದ್ದು ರೆಕ್ಕೆ ಸಂದಿಯಲ್ಲಿ ದಾಟಿ ಮುಗಿಯುವಷ್ಟರಲ್ಲಿ ಮುಂದಿನ ರೆಕ್ಕೆ ಬಂದಿರುತ್ತದೆ.

ಆ ಕೊಲ್ಲಿಯಲ್ಲಿ ಸೀಲ್ ಅನ್ನುವ ಪ್ರಾಣಿಗಳಿದ್ದವು. ಅವು ಹತ್ತಿರ ಬಂದರೆ ಸೋನಾರ್‌ನಲ್ಲಿ, ಅಂದರೆ ಶಬ್ದದ ಅಲೆಯ ಯಂತ್ರದಲ್ಲಿ, ನೋಡಿ ಯಂತ್ರವನ್ನೇ ನಿಲ್ಲಿಸುತ್ತಿದ್ದರು. ಸೀಲ್‌ಗಳು ಕೊಲ್ಲಿ ಬಿಟ್ಟು ಹೋಗಲಿಲ್ಲ. ಯಂತ್ರದ ಪಕ್ಕ ಸ್ವಲ್ಪ ಸರಿದು ಓಡಾಡುವುದನ್ನು ರೂಢಿ ಮಾಡಿಕೊಂಡವು.

ಹರಿಗೋಲು ಕಂಪ್ಲಿ

ನಮ್ಮಲ್ಲಿ ಡ್ಯಾಮ್ ಕೆಳಗಿನಿಂದ ಕಂಪ್ಲಿವರೆಗೆ 34 ಕಿಲೋಮೀಟರ್ ಹೊಳೆಯನ್ನು ನೀರುನಾಯಿಗೆ ಅಂತ 2015ರಲ್ಲಿ ಮೀಸಲು ಮಾಡಿದ್ದಾರೆ. ನೀರುನಾಯಿ ಉಳಿಯಬೇಕಾದರೆ ಮೀನು ಬೇಕು. ಮೀನು ಬೇಕಾದರೆ ಹೊಳೆಯಲ್ಲಿ ನೀರು ಒಂದು ಹದದಲ್ಲಿ ಹರಿಯಬೇಕು. ಒಮ್ಮೆ ಪೂರ್ತಿ ನಿಲ್ಲಿಸಿ ಒಮ್ಮೆ ಒಮ್ಮೆಲೇ ಬಿಟ್ಟರೆ ಮೊಟ್ಟೆ ಎಲ್ಲ ಕೊಚ್ಚಿ ಹೋಗುತ್ತದೆ, ಇಲ್ಲ ಒಣಗುತ್ತದೆ.

ಎಲ್ಲರೂ ರೆಕ್ಕೆ ರೆಕ್ಕೆ ಅಂತೀರಿ. ನನಗೆ ರೆಕ್ಕೆಗಿಂತ ಗೋಡೆಯ ಸಂಕಟ. ಮುಂಗಾರಿನ ಹೊಸ ನೀರಿಗೆ ಮೀನು ಏರು ಹತ್ತುತ್ತದೆ, ಮೊಟ್ಟೆ ಇಡಲು. ವಿಜಯನಗರದ ಕಾಲದ ಅಣೆಕಟ್ಟುಗಳು ಇವತ್ತಿಗೂ ಇವೆ ನಮ್ಮ ಹೊಳೆಯಲ್ಲಿ. ಗಿಡ್ಡ ಕಲ್ಲಿನ ಕಟ್ಟೆ, ಪ್ರವಾಹ ಬಂದರೆ ನೀರು ಮೇಲೆಯೇ ಹರಿಯುತ್ತದೆ. ಮೀನಿಗೆ ದಾರಿ ಸಿಗುತ್ತದೆ. ಅದೇ ಡ್ಯಾಮಿನ ಬುಡಕ್ಕೆ ಬಂದು ನೋಡಿ. 49 ಮೀಟರ್ ಗೋಡೆ. ಗೇಟು ತೆಗೆದಾಗ ಮೀನು ಬಂದು ಗೋಡೆ ಬುಡದಲ್ಲಿ ಸುತ್ತು ಹಾಕುತ್ತದೆ, ಹಾರುತ್ತದೆ, ಕಲ್ಲಿಗೆ ಮೂತಿ ಬಡಿದುಕೊಳ್ಳುತ್ತದೆ. ಹೊಟ್ಟೆ ತುಂಬ ಮೊಟ್ಟೆ ಇಟ್ಟುಕೊಂಡ ಮೀನು ಅದು. ಜನ ಖುಷಿಯಿಂದ ಹಿಡಿಯುತ್ತಾರೆ. ನಾನೂ ಹಿಡಿಯುವವನೇ, ಹೊಟ್ಟೆಪಾಡು. ಆದರೆ ಅದನ್ನು ನೋಡಿದ ಮೇಲೆ ಸಮುದ್ರದ ಅಳಿವೆಗೂ ಗೋಡೆ ಕಟ್ಟುತ್ತೇವೆ ಅಂದರೆ ಎದೆ ಧಸಕ್ ಅನ್ನುತ್ತದೆ.

ಗಂಗಾವತಿ ಗದ್ದೆ

ಹೌದು ಅಣ್ಣ. ಕಾಲುವೆಗೆ ನೀರು ಬಿಟ್ಟಾಗ ನಮ್ಮ ಗದ್ದೆಗೂ ಮೀನು ಮರಿ ಬರುತ್ತವೆ. ನೀರು ನಿಲ್ಲಿಸಿದ ಮೇಲೆ ತೂಬಿನ ಗುಂಡಿಯಲ್ಲಿ ಒದ್ದಾಡಿ ಸಾಯುತ್ತವೆ. ಬಂದ ದಾರಿಯಲ್ಲಿ ವಾಪಸ್ ಹೋಗಲು ಆಗುವುದಿಲ್ಲವಲ್ಲ.

ಕೃಷ್ಣಾ ತೀರ

ಹರಿಗೋಲು ಅಣ್ಣ, ನೀವು ಮುಖ್ಯವಾದ ಜಾಗಕ್ಕೆ ಬಂದಿರಿ. ಹುಡುಗ ಇದನ್ನು ಬರೆದುಕೊಳ್ಳಲಿ.

ಕೆನಡಾದ ನೋವಾ ಸ್ಕೋಷಿಯಾದಲ್ಲಿ ಅನ್ನಾಪೊಲಿಸ್ ರಾಯಲ್ ಅಂತ ಒಂದು ಉಬ್ಬರದ ಘಟಕ, 20 ಮೆಗಾವ್ಯಾಟ್, 1984ರಲ್ಲಿ ಶುರುವಾಯಿತು. ಅಲ್ಲಿ ಶಾಡ್ ಅನ್ನುವ ಮೀನು ಸಮುದ್ರದಿಂದ ನದಿಗೆ ಬಂದು ಮೊಟ್ಟೆ ಇಟ್ಟು ವಾಪಸ್ ಹೋಗುತ್ತದೆ. ಮೀನಿಗಾಗಿ ಪಕ್ಕದಲ್ಲಿ ಬೇರೆ ದಾರಿಯನ್ನೂ ಬಿಟ್ಟಿದ್ದರು. ಆದರೂ ಮೀನು ಟರ್ಬೈನ್ ಮೂಲಕವೇ ಹೋಗಿ ಸಾಯುವುದು ನಿಲ್ಲಲಿಲ್ಲ. ಯಾಕೆ ಅಂದರೆ ಮೀನು ಹುಡುಕುವುದು ದೊಡ್ಡ ಸೆಳೆತವನ್ನು. ದೊಡ್ಡ ಸೆಳೆತ ಇದ್ದದ್ದು ಟರ್ಬೈನಿನ ಬಾಯಲ್ಲಿ. ನಾವು ಎಲ್ಲೋ ಮೂಲೆಯಲ್ಲಿ ಬಾಗಿಲು ಇಟ್ಟು "ಇಲ್ಲಿಂದ ಹೋಗು" ಅಂದರೆ ಅದಕ್ಕೆ ಗೊತ್ತಾಗುವುದು ಹೇಗೆ? ಅದೂ ಅಲ್ಲದೆ ಅಳಿವೆಯ ಮೀನು ಉಬ್ಬರಕ್ಕೆ ಒಳಗೆ, ಇಳಿತಕ್ಕೆ ಹೊರಗೆ ಓಡಾಡುತ್ತದೆ. ಡ್ಯಾಮಿನ ಟರ್ಬೈನನ್ನು ಮೀನು ಒಮ್ಮೆ ದಾಟಬಹುದು. ಇಲ್ಲಿ ಮತ್ತೆ ಮತ್ತೆ ದಾಟಬೇಕು. ಒಂದು ಸಲಕ್ಕೆ ಅಪಾಯ ಸಣ್ಣದಿದ್ದರೂ ಸೇರುತ್ತಾ ಹೋಗುತ್ತದೆ. ಆ ಘಟಕ 2019ರಲ್ಲಿ ನಿಂತಿತು. ಮೀನಿಗೆ ಆಗುತ್ತಿದ್ದ ಹಾನಿ ಅದರಲ್ಲಿ ದೊಡ್ಡ ಕಾರಣ.

ಈಗ ನಮ್ಮ ದೇಶಕ್ಕೆ ಬನ್ನಿ. ಆ ಶಾಡ್ ಮೀನಿನ ಬಳಗವೇ ನಮ್ಮ ಹಿಲ್ಸಾ. ಗೋದಾವರಿಗೆ ಬಂದಾಗ ಆಂಧ್ರದವರು ಪುಲಸ ಅಂತ ಸಾವಿರಾರು ರೂಪಾಯಿ ಕೊಟ್ಟು ತಿನ್ನುತ್ತಾರಲ್ಲ, ಅದೇ. ಗಂಗೆಯಲ್ಲಿ ಅದು ಅಲಹಾಬಾದ್‌ವರೆಗೆ ಏರುತ್ತಿತ್ತು. 1975ರಲ್ಲಿ ಫರಕ್ಕಾ ಬ್ಯಾರೇಜ್ ಬಂತು, ಮೇಲಿನ ಊರುಗಳಲ್ಲಿ ಹಿಲ್ಸಾ ಹೆಚ್ಚುಕಡಿಮೆ ಇಲ್ಲವಾಯಿತು. ಪಶ್ಚಿಮದಲ್ಲಿ ಇದೇ ಮೀನು ಖಂಬಾತ್ ಕೊಲ್ಲಿಯಿಂದ ನರ್ಮದೆಗೆ ಹತ್ತುತ್ತದೆ. ನಮ್ಮ ದೇಶದಲ್ಲಿ ಉಬ್ಬರ ಅತಿ ಹೆಚ್ಚು ಏರುವುದೂ ಖಂಬಾತ್ ಕೊಲ್ಲಿಯಲ್ಲೇ, 11 ಮೀಟರ್‌ವರೆಗೆ. ಅಲ್ಲೇ 7000 ಮೆಗಾವ್ಯಾಟ್ ತೆಗೆಯಬಹುದು ಅಂತ ಅಂದಾಜಿದೆ. ಆ ಕೊಲ್ಲಿಗೆ ಅಡ್ಡ ಕಟ್ಟೆ ಕಟ್ಟುವ ಕಲ್ಪಸರ್ ಯೋಜನೆ ದಶಕಗಳಿಂದ ಚರ್ಚೆಯಲ್ಲಿದೆ. ಎಲ್ಲಿ ಉಬ್ಬರ ಜೋರೋ ಅಲ್ಲೇ ಮೀನಿನ ಹೆದ್ದಾರಿಯೂ ಇರುತ್ತದೆ, ಸಮಸ್ಯೆ ಇರುವುದು ಅಲ್ಲಿ.

ನಮ್ಮ ಕಾರವಾರ, ಮಂಗಳೂರು ಕಡೆ ಉಬ್ಬರ ಹೆಚ್ಚೆಂದರೆ ಎರಡು ಮೀಟರ್ ಆಸುಪಾಸು. ಹಾಗಾಗಿ ಇಲ್ಲಿ ಅಂಥ ಯೋಜನೆ ಬರುವ ಮಾತಿಲ್ಲ.

ಬಳ್ಳಾರಿ ಬಿಸಿಲು

ಗೋಡೆ ಬೇಡ ಅನ್ನುವುದು ನನಗೂ ಸರಿ ಕಾಣುತ್ತದೆ. ಗೋಡೆ ಇಲ್ಲದ ಚಕ್ರಕ್ಕೆ ನಿಮ್ಮ ಒಪ್ಪಿಗೆ ಇದೆಯಾ, ಅದನ್ನು ಹೇಳಿ. ನಾಲ್ಕು ಚಕ್ರದಿಂದ ಊರಿಗೆ ಕರೆಂಟ್ ಸಾಲುವುದಿಲ್ಲ. ನೂರು ಹಾಕಬೇಕಾಗುತ್ತದೆ.

ಕೃಷ್ಣಾ ತೀರ

ಒಪ್ಪಿಗೆ ಇದೆ, ಶರತ್ತಿನ ಮೇಲೆ. ಇಲ್ಲಿವರೆಗೆ ಗೊತ್ತಿರುವುದೆಲ್ಲ ಒಂದೋ ಎರಡೋ ನಾಲ್ಕೋ ಚಕ್ರದ ಸುತ್ತ ನೋಡಿದ್ದು. ಒಂದು ಚಕ್ರವನ್ನು ಮೀನು ಸುಲಭವಾಗಿ ಸುತ್ತಿ ಹೋಗುತ್ತದೆ. ಇಕ್ಕಟ್ಟಾದ ಕಡಲ ಕಾಲುವೆಯಲ್ಲಿ ನೂರು ಸಾಲಾಗಿ ನಿಂತರೆ ಸುತ್ತಿ ಹೋಗಲು ಜಾಗ ಎಲ್ಲಿದೆ? ಒಂದೂ ಮೀನು ಸಾಯದೇ ಇರಬಹುದು. ಆದರೆ ಹೆದರಿ ಆ ದಾರಿಯನ್ನೇ ಬಿಟ್ಟರೆ ಮೊಟ್ಟೆ ಇಡುವ ಜಾಗ ತಪ್ಪುತ್ತದೆ, ಮೇವಿನ ಜಾಗ ತಪ್ಪುತ್ತದೆ. ಸತ್ತ ಮೀನು ತೇಲುತ್ತದೆ, ಎಣಿಸಬಹುದು. ಬಾರದೇ ಹೋದ ಮೀನನ್ನು ಯಾರು ಎಣಿಸುತ್ತಾರೆ? ಮೊದಲು ಎಷ್ಟು ಬರುತ್ತಿತ್ತು ಅಂತ ಲೆಕ್ಕ ಇದ್ದರೆ ಮಾತ್ರ ಅದು ತಿಳಿಯುತ್ತದೆ.

ಅದಕ್ಕೇ ಯಂತ್ರ ಇಳಿಸುವ ಕೆಲವು ವರ್ಷ ಮೊದಲೇ, ಹಗಲು ರಾತ್ರಿ, ಎಲ್ಲ ಕಾಲದಲ್ಲೂ ಮೀನು ಎಣಿಸಲೇಬೇಕು. ಆಳ ನೋಡಿ ಹಾಕಬೇಕು. ಪ್ಲೇಸ್, ಹಾವು ಮೀನಿನ ಮರಿ ಇಂಥವು ಉಬ್ಬರ ಬಂದಾಗ ಮೇಲೆದ್ದು ಅದರ ಜೊತೆ ತೇಲಿ ಹೋಗುತ್ತವೆ, ಇಳಿತದಲ್ಲಿ ತಳ ಹಿಡಿದು ಕೂರುತ್ತವೆ. ಅವು ಮೇಲೇಳುವ ಆಳಕ್ಕೇ ರೆಕ್ಕೆ ಬಂದರೆ ಕಷ್ಟ. ಏರು ಹತ್ತುವ ದಿನಗಳಲ್ಲಿ ರಾತ್ರಿ ಉಬ್ಬರಕ್ಕೆ ಯಂತ್ರ ನಿಲ್ಲಿಸಬೇಕು. ಉಬ್ಬರದ ಹೊತ್ತು ಮೊದಲೇ ಗೊತ್ತಿರುತ್ತದೆ ಅನ್ನುವುದೇ ಈ ಕರೆಂಟಿನ ಹಿರಿಮೆ ಅಲ್ವಾ, ಆ ಹಿರಿಮೆಯನ್ನು ಮೀನಿಗೂ ಬಳಸಲಿ.

ರಾತ್ರಿ ಪಾಳಿ, ಬಳ್ಳಾರಿ

ಯುನಿಟ್ ನಿಲ್ಲಿಸಿ ಮತ್ತೆ ಶುರು ಮಾಡುವುದು ಜಲವಿದ್ಯುತ್‌ನಲ್ಲಿ ಕಷ್ಟದ ಕೆಲಸವೇ ಅಲ್ಲ, ಕೆಲವೇ ನಿಮಿಷ. ಕಲ್ಲಿದ್ದಲಿನ ಹಾಗೆ ಬಾಯ್ಲರ್ ಕಾಯಬೇಕಿಲ್ಲ. ಆದೇಶ ಬಂದರೆ ಮಾಡುತ್ತೇವೆ. ನನ್ನ ಸರ್ವಿಸಿನಲ್ಲಿ ಲೋಡ್ ಕಡಿಮೆ ಅಂತ ನಿಲ್ಲಿಸು ಅಂದಿದ್ದಾರೆ, ರಿಪೇರಿಗೆ ಅಂತ ನಿಲ್ಲಿಸು ಅಂದಿದ್ದಾರೆ. ಮೀನಿಗಾಗಿ ನಿಲ್ಲಿಸು ಅಂತ ಯಾರೂ ಹೇಳಲಿಲ್ಲ.

ಮುನಿರಾಬಾದ್ ಹುಡುಗ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಾನು ರೆಕ್ಕೆ, ಗೋಡೆ ಎರಡನ್ನೂ ಬೇರೆ ಬೇರೆ ಮಾಡಿಯೇ ಹೇಳುತ್ತೇನೆ. ಅನ್ನಾಪೊಲಿಸ್ ಮತ್ತು ಕಾಬ್ಸ್‌ಕುಕ್ ಎರಡನ್ನೂ ಪಕ್ಕಪಕ್ಕ ಇಡುತ್ತೇನೆ. ಹರಿಗೋಲು ಅಣ್ಣ, ಒಂದು ಕೇಳಲಾ? ಏರು ಹತ್ತುವ ಮೀನು ಯಾವಾಗ ಶುರು, ಎಷ್ಟು ದಿನ? ಡ್ಯಾಮ್ ಕೆಳಗೆ ಯಾರಾದರೂ ಅದನ್ನು ಬರೆದಿಟ್ಟಿದ್ದಾರಾ?

ಹರಿಗೋಲು ಕಂಪ್ಲಿ

ಮಿರಗ ಮಳೆ ಬಿದ್ದು ಹೊಸ ನೀರು ಬಂದ ಮೇಲೆ ಶುರು ತಮ್ಮಾ. ದಿನ ಇಷ್ಟೇ ಅಂತ ಹೇಳಲು ಆಗುವುದಿಲ್ಲ, ಮೇಲೆ ಮಲೆನಾಡಿನಲ್ಲಿ ಹೇಗೆ ಮಳೆ ಆಗುತ್ತದೋ ಹಾಗೆ. ಮೊದಲು ಗಿರ್ಲು, ಸಣ್ಣ ಪರಿಗೆ ಬರುತ್ತವೆ, ದೊಡ್ಡವು ಆಮೇಲೆ. ಬರೆದಿಟ್ಟದ್ದು ನಮ್ಮ ಮನೆಯಲ್ಲಿ ಇಲ್ಲ, ಅಪ್ಪನಿಗೆ ಬಾಯಲ್ಲೇ ಇದೆ. ನೀನು ಪುಸ್ತಕ ತಗೊಂಡು ಬಾ, ಕಂಪ್ಲಿ ಸೇತುವೆ ಹತ್ತಿರ ಯಾರನ್ನು ಕೇಳಿದರೂ ಮನೆ ತೋರಿಸುತ್ತಾರೆ. ಅವರು ಹೇಳುತ್ತಾರೆ, ನೀನು ಬರೆದುಕೋ. ಈ ವರ್ಷದ್ದು ಮಳೆ ಬಂದ ಮೇಲೆ ಇಬ್ಬರೂ ಕೂತು ಎಣಿಸೋಣ.